ಗೇನ್ ಗುಂಡಿ ಮತ್ತು ಸದ್ದಿನ ಮಂತ್ರಿ

ಹತ್ತಿರ ಬಂದು ಕೂತ್ಕೊಳ್ಳಿ. ಅರಮನೆ ಲಾಯದಿಂದ ಆನೆ ಹೋಗಿ, ಆ ಜಾಗಕ್ಕೆ ಕಾರು ಬಂದಿದ್ದ ಕಾಲದ ಮಾತಿದು. ಮಣಿಗಟ್ಟ ಅನ್ನೋ ರಾಜ್ಯದಲ್ಲಿ ಕಾಂತರಾಯ ಅಂತ ಒಬ್ಬ ರಾಜ ಇದ್ದ. ಕಿವಿ ದೊಡ್ಡದು, ಕೇಳಿಸಿಕೊಳ್ಳೋದು ಕಮ್ಮಿ. ತನ್ನ ಕಾರು ಮೂಡಲ ಬಾಗಿಲಲ್ಲಿ ಹಾಡಿದರೆ ಪಡುವಲ ಬಾಗಿಲಲ್ಲಿ ಹಸು ಬೆದರಬೇಕು, ಅದೊಂದೇ ಅವನ ಆಸೆ. ಪಕ್ಕದ ರಾಜನ ಕಾರಿನ ಸದ್ದಿಗೆ ಕಿಟಕಿ ಗಾಜು ಅದುರುತ್ತೆ ಅಂತ ಯಾರೋ ಹೇಳಿದ ದಿನದಿಂದ ಅವನಿಗೆ ಅನ್ನ ರುಚಿಸುತ್ತಿರಲಿಲ್ಲ.

ಇದಕ್ಕಂತಲೇ ಒಬ್ಬ ಮಂತ್ರಿ. ಸದ್ದಿನ ಮಂತ್ರಿ ಸಿಂಗಾರಪ್ಪ. ಮೀಸೆ ತಿರುವೋದು, ಗುಂಡಿ ತಿರುವೋದು, ಎರಡೇ ಅವನ ಕೆಲಸ. ಸ್ಪೀಕರ್ ಬರುತ್ತಿದ್ದದ್ದು ಅವನ ಬಾಮೈದನ ಅಂಗಡಿಯಿಂದ. ಒಂದು ಸುಟ್ಟರೆ ಅಲ್ಲಿಂದಲೇ ಇನ್ನೊಂದು. ಹಾಗಾಗಿ ಸುಡೋದರಲ್ಲಿ ಮಂತ್ರಿಗೆ ಬಹಳ ಶ್ರದ್ಧೆ.

ರಾಣಿ ಗೌರಾಜಮ್ಮಣ್ಣಿ ಚೆನ್ನಾಗಿ ಹಾಡುತ್ತಿದ್ದಳು. ಅವಳ ಹಾಡನ್ನ ರಾಜ ರೆಕಾರ್ಡ್ ಮಾಡಿಸಿದ. ಕಾರಿನಲ್ಲಿ ಹಾಕಿಕೊಂಡು ಪೇಟೆ ಬೀದಿಗೆ ಹೊರಟ. ಹಾಡು ಶುರುವಾಯಿತು ನೋಡಿ, ಗೊರ್ರ್ ಅಂತ ಹಳೇ ಬಟ್ಟೆ ಹರಿದ ಹಾಗೆ ಹರಿದು ಬಂತು. ಮಂತ್ರಿ ಕೈಮುಗಿದು, ಸ್ಪೀಕರ್ ಚಿಕ್ಕದಾಯಿತು ಮಹಾಪ್ರಭು, ದೊಡ್ಡದು ಹಾಕಿಸೋಣ ಅಂದ. ಹಾಕಿಸಿದರು.

ಎರಡನೇ ಸಲ ಹೊರಟರು. ಹಾಡು ಇನ್ನೂ ದೊಡ್ಡದಾಗಿ ಹರಿಯಿತು. ಸುಟ್ಟ ವಾಸನೆಯೂ ಬಂತು. ಸ್ಪೀಕರಿಗೆ ಹೋಗೋ ವೈರು ತೆಳ್ಳಗಾಯಿತು, ದಪ್ಪದ್ದು ಎಳೆಸೋಣ ಅಂದ ಮಂತ್ರಿ. ಎಳೆಸಿದರು. ಜೊತೆಗೆ ಹೊಸ ಸ್ಪೀಕರೂ ಬಂತು.

ಮೂರನೇ ಸಲ ಹೊರಟರು. ಮತ್ತೆ ಅದೇ ಗೊರ್ರ್. ಬೀದಿಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಕಾರಿನಲ್ಲಿ ತಪ್ಪು ಹೊರಿಸೋಕೆ ಇನ್ನೇನೂ ಉಳಿದಿರಲಿಲ್ಲ. ಮಂತ್ರಿ ದನಿ ತಗ್ಗಿಸಿ, ಹೇಳಬಾರದು, ಆದರೂ ಹೇಳ್ತೀನಿ ಮಹಾಪ್ರಭು, ಅಮ್ಮಣ್ಣಿಯವರ ಗಂಟಲೇ ಒಡೆದಿದೆ ಅಂದುಬಿಟ್ಟ.

ರಾಜ ಅದನ್ನೂ ನಂಬಿದ. ಎರಡು ಸಲ ನಂಬಿದವನಿಗೆ ಮೂರನೇ ಸಲ ಹೇಳಿಕೊಡಬೇಕಾಗಿಲ್ಲ. ಅರಮನೆಗೆ ಬಂದವನೇ, ಇನ್ನು ಮೇಲೆ ರಾಣಿ ಹಾಡಕೂಡದು, ಮಗಳನ್ನ ಮಲಗಿಸುವಾಗಲೂ ಹಾಡಕೂಡದು ಅಂತ ಅಪ್ಪಣೆ ಮಾಡಿದ.

ತೊಟ್ಟಿಲಲ್ಲಿ ಮಗು ಅಳುತ್ತೆ, ಗೌರಾಜಮ್ಮಣ್ಣಿ ಬಾಯಿ ಮುಚ್ಚಿಕೊಂಡು ತೂಗಬೇಕು. ಹಿತ್ತಲಿಗೆ ಹೋಗಿ ಮೆಲ್ಲಗೆ ಹಾಡಿ ನೋಡಿದಳು. ದನಿ ಯಾವಾಗಿನಂತೆಯೇ ಇತ್ತು. ಹಾಗಾದರೆ ಒಡೆದದ್ದು ಗಂಟಲಲ್ಲ ಅಂದುಕೊಂಡು, ನೆಟ್ಟಗೆ ಲಾಯಕ್ಕೆ ಹೋಗಿ ಕಾರಿನ ಡಿಕ್ಕಿ ತೆಗೆದಳು.

ಒಳಗೆ ಆಂಪ್ಲಿಫೈಯರ್ ಇತ್ತು. ಕಾರಿನ ಮುಂದೆ ಹಾಡು ನುಡಿಸೋ ಪ್ಲೇಯರ್ ಕಳಿಸಿದ ಸಣ್ಣ ದನಿಯನ್ನ ದೊಡ್ಡದು ಮಾಡಿ ಸ್ಪೀಕರಿಗೆ ಕೊಡೋ ಪೆಟ್ಟಿಗೆ ಅದು. ಅದರ ಮೈಮೇಲೆ ಒಂದು ಪುಟ್ಟ ಗುಂಡಿ, ಪಕ್ಕದಲ್ಲಿ ‘ಗೇನ್’ ಅಂತ ಬರೆದಿತ್ತು. ಗುಂಡಿಯನ್ನ ಕೊನೆ ಮುಟ್ಟುವಷ್ಟು ತಿರುಗಿಸಿಟ್ಟಿದ್ದರು. ರಾಣಿ ಯೋಚನೆ ಮಾಡಿದಳು. ಜೋರು ಮಾಡೋಕೆ ಮುಂದೆ ಪ್ಲೇಯರಿನಲ್ಲೇ ವಾಲ್ಯೂಮ್ ಇದೆಯಲ್ಲ, ಒಂದೇ ಕೆಲಸಕ್ಕೆ ಎರಡು ಗುಂಡಿ ಯಾಕೆ?

ಹಾಡು ಹಾಕಿ, ಗೇನನ್ನ ಪೂರ್ತಿ ಇಳಿಸಿದಳು. ವಾಲ್ಯೂಮನ್ನ ಮುಕ್ಕಾಲಿಗೆ ಇಟ್ಟಳು. ಆಮೇಲೆ ಗೇನನ್ನ ನಿಧಾನವಾಗಿ ಏರಿಸುತ್ತ ಕಿವಿಗೊಟ್ಟಳು. ದನಿ ತುಂಬಿಕೊಂಡು ಬಂತು, ಬಂತು, ಇನ್ನೇನು ಹರಿಯಬೇಕು ಅನ್ನುವಾಗ ಒಂದು ಚೂರು ಹಿಂದಕ್ಕೆ ತಂದು ನಿಲ್ಲಿಸಿದಳು. ಹಾಡು ಜೋರಾಗಿಯೂ ಇತ್ತು, ತಿಳಿಯಾಗಿಯೂ ಇತ್ತು. ಆಗ ಅವಳಿಗೆ ಗೊತ್ತಾಯಿತು. ಗೇನ್ ಇರೋದು ಜೋರು ಮಾಡೋಕಲ್ಲ, ಬರೋ ದನಿಗೂ ಪೆಟ್ಟಿಗೆಯ ಶಕ್ತಿಗೂ ಹೊಂದಿಸೋಕೆ. ತಾಳೋದಕ್ಕಿಂತ ಹೆಚ್ಚು ಕೇಳಿದರೆ ಪೆಟ್ಟಿಗೆ ದನಿಯ ತಲೆಯನ್ನೇ ಕತ್ತರಿಸಿ ಕಳಿಸುತ್ತೆ, ಕತ್ತರಿಸಿದ ದನಿ ಸ್ಪೀಕರನ್ನ ಸುಡುತ್ತೆ.

ಇದು ಮಂತ್ರಿಗೆ ಗೊತ್ತಿಲ್ಲವೋ, ಗೊತ್ತಿದ್ದೇ ಮಾಡಿದನೋ? ಅದನ್ನ ಅವನ ಕೈಯಿಂದಲೇ ಹೇಳಿಸಬೇಕು ಅಂತ ರಾಣಿ ಗುಂಡಿಯನ್ನ ಮತ್ತೆ ಕೊನೆಗೆ ತಿರುಗಿಸಿ, ಏನೂ ಅರಿಯದವಳಂತೆ ಒಳಗೆ ಹೋದಳು.

ಮಾರನೇ ದಿನ ತುಂಬಿದ ಸಭೆಯಲ್ಲಿ ರಾಜನನ್ನ ಒಂದು ಮಾತು ಕೇಳಿಕೊಂಡಳು. ತನ್ನ ಗಂಟಲು ಒಡೆದದ್ದು ನಿಜ ಇರಬಹುದು. ಆದರೆ ಒಡೆದ ಗಂಟಲು ಇನ್ನೂ ಯಾರ್ಯಾರದ್ದು ಇದೆಯೋ, ಎಲ್ಲರನ್ನೂ ಇದೇ ಕಾರಿನಲ್ಲಿ ಪರೀಕ್ಷೆ ಮಾಡಲಿ. ಹರಿದ ದನಿಯವರು ಅರಮನೆ ಬಿಟ್ಟು ಹೋಗಲಿ. ಮೊದಲು ಸದ್ದಿನ ಮಂತ್ರಿಗಳೇ ಮಾತಾಡಲಿ.

ರಾಜನಿಗೆ ಇದು ಬಹಳ ನ್ಯಾಯವಾಗಿ ಕಂಡಿತು. ಸಿಂಗಾರಪ್ಪನ ಮೀಸೆ ಮಾತ್ರ ಇಳಿಬಿತ್ತು.

ಅಂಗಳಕ್ಕೆ ಕಾರು ತಂದರು. ಪ್ಲೇಯರಿಗೆ ಮೈಕು ಸಿಕ್ಕಿಸಿದರು. ಮಂತ್ರಿ "ಮಹಾಪ್ರಭುಗಳಿಗೆ ಜಯವಾಗಲಿ" ಅಂದ. ಕಾರು "ಗೊರ್ರ್ ಬರ್ರ್" ಅಂದಿತು. ಜನ ನಕ್ಕರು. ಇನ್ನೊಂದು ಸಲ ಅಂದ. ಇನ್ನೂ ಕೆಟ್ಟದಾಗಿ ಬಂತು. ಬಾಗಿಲಲ್ಲಿದ್ದ ಭಟರು ಆಗಲೇ ಅವನನ್ನ ಹೊರಗೆ ಕಳಿಸೋಕೆ ಎದ್ದು ನಿಂತಿದ್ದರು. ಅದನ್ನ ನೋಡಿದ್ದೇ ತಡ, ಮಂತ್ರಿ ಡಿಕ್ಕಿಗೆ ಓಡಿ, ಗೇನನ್ನ ಸರ್ರನೆ ಇಳಿಸಿ ಬಂದು ಮೂರನೇ ಸಲ ಜಯಕಾರ ಹಾಕಿದ. ಗಂಟೆ ಹೊಡೆದ ಹಾಗೆ ಕೇಳಿತು. ಅವನ ಮುಖ ಅರಳಿತು.

"ನೋಡಿದಿರಾ ಮಹಾಪ್ರಭು, ನನ್ನ ಗಂಟಲಿಗೆ ಏನೂ ಆಗಿಲ್ಲ."

"ಆಗಿಲ್ಲ, ನಾವೂ ಕೇಳಿದೆವು" ಅಂದಳು ರಾಣಿ. "ನಿಮ್ಮ ಗಂಟಲಿಗೆ ಇಳಿದ ಗುಂಡಿ ನನ್ನ ಗಂಟಲಿಗೆ ಯಾಕೆ ಇಳಿಯಲಿಲ್ಲ, ಅದನ್ನೊಂದು ಹೇಳಿ."

ರಾಜನಿಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡಿಯಿತು, ರಾಜರಿಗೆ ಅದು ಸಹಜ. ಅರ್ಥವಾದ ಮೇಲೆ ಮೊದಲು ರಾಣಿಯ ಮುಂದೆ ತಲೆ ತಗ್ಗಿಸಿದ. ಆಮೇಲೆ, ಸುಟ್ಟ ಸ್ಪೀಕರ್ ಅಷ್ಟನ್ನೂ ಸಿಂಗಾರಪ್ಪ ತಲೆಮೇಲೆ ಹೊತ್ತು, ಪೇಟೆ ಬೀದಿಯಲ್ಲೇ ನಡೆದು, ಬಾಮೈದನ ಅಂಗಡಿಗೆ ವಾಪಸ್ ಮುಟ್ಟಿಸಬೇಕು, ಮತ್ತೆ ಅರಮನೆ ಕಡೆ ತಲೆ ಹಾಕಕೂಡದು ಅಂತ ಅಪ್ಪಣೆಯಾಯಿತು. ಅವನು ಹೊತ್ತ, ನಡೆದ, ಹೋದ. ಬಾಮೈದ ಅಂಗಡಿ ಬಾಗಿಲು ಎಳೆದುಕೊಂಡ.

ರಾಣಿ ಅವತ್ತೇ ಗೇನನ್ನ ಹೊಂದಿಸಿ, ಇದನ್ನ ಇನ್ನು ಯಾರೂ ಮುಟ್ಟೋ ಹಾಗಿಲ್ಲ ಅಂದಳು. ಮಗು ಹಾಡು ಕೇಳುತ್ತ ನಿದ್ದೆ ಹೋಯಿತು.

ಇಷ್ಟೇ ಕಣ್ರಪ್ಪ ನೀತಿ. ಎಷ್ಟು ಬರುತ್ತಿದೆ ಅಂತ ಕೇಳಿಸಿಕೊಳ್ಳದೆ ಸುಮ್ಮನೆ ಹೆಚ್ಚಿಸುವವನು ಒಳ್ಳೆಯ ದನಿಯನ್ನೂ ಕೆಡಿಸುತ್ತಾನೆ. ದನಿ ಕೆಟ್ಟಾಗ ಹಾಡಿದವರನ್ನ ಬಯ್ಯಬೇಡಿ, ಗುಂಡಿ ಯಾರ ಕೈಯಲ್ಲಿದೆ ಅಂತ ಮೊದಲು ನೋಡಿ.