ಮುಂಜಾನೆಯ ಮುದುಕಿ

"ಕೇಳ್ರಪ್ಪೋ ಕೇಳ್ರಿ. ದೊರೆಮಗಳು ನೀಲಾಂಬೆಯ ಮೂರು ಒಗಟು ಬಿಡಿಸಿದವನಿಗೆ ಅವಳೂ ಉಂಟು, ಅರ್ಧ ರಾಜ್ಯವೂ ಉಂಟು. ತಪ್ಪಿದವನ ತಲೆ ಅಮಾವಾಸ್ಯೆಗೆ ಕೋಟೆ ಬಾಗಿಲಿಗೆ." ಹೀಗಂತ ಹೊನ್ನಕೆರೆಯ ಬೀದಿಬೀದಿಯಲ್ಲಿ ಡಂಗುರ ಹೊಡೆದರು.

ಕಂಬಳಿ ನೇಯುವ ಮಾಳಿಂಗನ ಕಿವಿಗೂ ಅದು ಬಿತ್ತು. ಬಿದ್ದದ್ದೇ ತಡ, ಅವನಿಗೆ ಮಗ್ಗದ ಮುಂದೆ ಕೂರಲಾಗಲಿಲ್ಲ. ರಾಜ್ಯದ ಆಸೆಗಲ್ಲ. ಅವನ ಅವ್ವ ಕಾಲುಬೇನೆಯಿಂದ ಹಾಸಿಗೆ ಹಿಡಿದಿದ್ದಳು. ಅದಕ್ಕೆ ಮದ್ದು ಬಲ್ಲ ಪಂಡಿತ ಅರಮನೆ ಬಿಟ್ಟು ಹೊರಗೆ ಬರುವವನಲ್ಲ. ಅರಮನೆ ಅಳಿಯ ಕರೆದರೆ ಬಾರದೆ ಇರುತ್ತಾನೆಯೇ? ಹೋದರೆ ತಲೆ ಹೋದೀತು, ಹೋಗದಿದ್ದರೆ ಅವ್ವ ನರಳುತ್ತಾಳೆ. ಕೂತ, ಎದ್ದ, ಅಂಗಳ ಸುತ್ತಿದ, ಮತ್ತೆ ಕೂತ. ಕೊನೆಗೆ ಕಂಬಳಿ ಹೆಗಲಿಗೆಸೆದು ಹೊರಟೇಬಿಟ್ಟ.

ಸಭೆಯಲ್ಲಿ ನೀಲಾಂಬೆ ನಿಂತೇ ಒಗಟು ಹೇಳಿದಳು. "ಮುಂಜಾನೆ ನೂರು ವರ್ಷದ ಮುದುಕಿ, ಬಿಸಿಲೇರಿದರೆ ಹರೆಯದ ಹುಡುಗಿ, ದೀಪ ಹಚ್ಚುವ ಹೊತ್ತಿಗೆ ಮತ್ತೆ ಮುದುಕಿ. ಯಾರವಳು?"

ರೇಷ್ಮೆ ಪೇಟದ ರಾಜಕುಮಾರನೊಬ್ಬ ಅವಳ ಮುಖದಿಂದ ಕಣ್ಣು ಕೀಳದೆ, ನೆರಳು ಅಂದ. ಅವನನ್ನು ಸೆರೆಮನೆಗೆ ಎಳೆದುಕೊಂಡು ಹೋದರು. ಇನ್ನೊಬ್ಬ ಮೀಸೆ ತಿರುವಿ, ತಾವರೆ ಹೂವು ಅಂದ. ಅವನ ಗತಿಯೂ ಅಷ್ಟೇ ಆಯಿತು.

ಈಗ ಮಾಳಿಂಗನ ಸರದಿ. ಆ ಅರಮನೆಯಲ್ಲಿ ಬಡವರು ತಲೆ ಎತ್ತಿ ದೊರೆಮನೆಯವರ ಮುಖ ನೋಡುವಂತಿರಲಿಲ್ಲ. ಅವನಿಗೆ ಕಂಡದ್ದು ನೆಲ, ನೆಲದ ಮೇಲೆ ಅವಳ ಪಾದ. ಆ ಪಾದಗಳು ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ಹಿಮ್ಮಡಿಗೆ ಭಾರ ಬಿಡುವುದು, ಅಂಚಿಗೆ ಬಿಡುವುದು, ಹೆಬ್ಬೆರಳನ್ನು ನೆಲಕ್ಕೆ ತಾಗಿಸದೆ ಎತ್ತಿ ಹಿಡಿಯುವುದು. ಬೆರಳ ಬುಡದ ಕೀಲು ಕೆಂಪಗೆ ಊದಿತ್ತು. ಅಯ್ಯೋ, ಇಂಥದೇ ಪಾದ ಮನೆಯಲ್ಲಿ ಕಂಡಿದ್ದೇನಲ್ಲ ಅನ್ನಿಸಿತು ಅವನಿಗೆ.

"ಅಮ್ಮಣ್ಣಿ, ಆ ಮುದುಕಿ ನೀವೇ," ಅಂದ.

ಸಭೆಯೆಲ್ಲ ಗುಜುಗುಜು. ಕಾವಲಿನವನು ಕತ್ತಿಗೆ ಕೈ ಹಾಕಿದ. ಮಾಳಿಂಗ ಮುಂದುವರಿಸಿದ. "ಎದ್ದ ಹೊತ್ತಿಗೆ ಕಾಲಿನ ಕೀಲು ಮರಗಟ್ಟಿರುತ್ತೆ. ಗೋಡೆ ಹಿಡಿದು ಒಂಚೂರು ನಡೆದಾಡಿದರೆ ಸಡಿಲ ಆಗುತ್ತೆ. ಸಂಜೆಗೆ ದಣಿದು ಮತ್ತೆ ಬಿಗಿ. ಹಾಸಿಗೆ ಹಿಡಿಯೋ ಮುಂಚೆ ನಮ್ಮವ್ವನಿಗೂ ಹೀಗೇ ಆಗ್ತಿತ್ತು."

ಸರಿ ಅಂದು ನೀಲಾಂಬೆ ಎರಡನೆಯ ಒಗಟು ಹೇಳಿದಳು. "ಒಲೆಯಿಲ್ಲ, ಹೊಗೆಯಿಲ್ಲ, ಉರಿ ಮಾತ್ರ ಇದೆ. ಹೂವಿನಂಥ ಹೊದಿಕೆ ತಾಗಿದರೂ ಬಂಡೆ ಬಿದ್ದ ಹಾಗೆ. ಏನದು?"

"ಊದಿದ ಹೆಬ್ಬೆರಳ ಕೀಲು. ನಾನೇ ನೇಯ್ದ ಕಂಬಳಿ ಹೊದಿಸಿದರೆ, ತೆಗಿಯೋ ಮಾರಾಯ ಅಂತ ಬೈತಾಳೆ ಅವ್ವ. ನೇಯ್ಗೆ ಚೆನ್ನಾಗಿಲ್ಲವೇನೋ ಅಂದುಕೊಂಡಿದ್ದೆ."

ಅದೂ ಸರಿ ಅಂದು ನೀಲಾಂಬೆ ಕೊನೆಯದನ್ನು ಕೇಳಿದಳು. "ಕೂರಿಸಿದರೆ ಹೆಪ್ಪುಗಟ್ಟುತ್ತೆ, ಓಡಿಸಿದರೆ ಒಡೆಯುತ್ತೆ. ಅದನ್ನು ಸಾಕುವುದು ಹೇಗೆ?"

ಮಾಳಿಂಗನಿಗೆ ಅವ್ವನ ಹಾಸಿಗೆ ನೆನಪಾಯಿತು. ಕಾವಲಿನವನು ಒಂದು ಹೆಜ್ಜೆ ಹತ್ತಿರ ಬಂದ. ಅವ್ವನಿಗೆ ನೋಯಬಾರದೆಂದು ನೆಲಕ್ಕೆ ಕಾಲಿಡಗೊಡದೆ ಮಲಗಿಸಿದ್ದವನು ತಾನೇ. ಆಮೇಲಲ್ಲವೇ ಕೀಲು ಇನ್ನಷ್ಟು ಬಿಗಿದದ್ದು?

"ಸುಮ್ಮನೆ ಕೂರಿಸಲೂಬಾರದು, ಓಡಿಸಲೂಬಾರದು," ಅಂದ ಮೆಲ್ಲಗೆ. "ಒಂದಿಷ್ಟು ನಡಿಗೆ, ಒಂದಿಷ್ಟು ವಿಶ್ರಾಂತಿ. ಬಿಗಿದಾಗ ಬಿಸಿನೀರು, ಉರಿದಾಗ ತಣ್ಣನೆ ಬಟ್ಟೆ. ಎಷ್ಟು ನಡೀಬೇಕು ಅನ್ನೋದನ್ನ ನೋವು ತಿನ್ನೋರೇ ಹೇಳಬೇಕು, ಪಕ್ಕದಲ್ಲಿ ನಿಂತೋರಲ್ಲ."

ಮೂರೂ ಸರಿ ಅಂದು ನೀಲಾಂಬೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಎಳೆ ಹುಡುಗಿಗೆ ಮುದುಕರ ಬೇನೆಯೇ, ಸೋಮಾರಿತನಕ್ಕೆ ನೆಪ ಅಂತ ತಂದೆ ನಕ್ಕಿದ್ದರಂತೆ. ಪಂಡಿತನನ್ನೂ ಕರೆಸಿರಲಿಲ್ಲವಂತೆ. ನನ್ನ ನೋವು ತಿಳಿದವನಿಗೇ ನನ್ನ ಕೈ ಅಂತ ಅದಕ್ಕೇ ಹಟ ಹಿಡಿದಿದ್ದಳು. ದೊರೆ ತಲೆ ತಗ್ಗಿಸಿದ. ಮಾಳಿಂಗ ಕೇಳಿಕೊಂಡದ್ದಕ್ಕೆ ಸೆರೆಯಲ್ಲಿದ್ದವರನ್ನು ಬಿಟ್ಟರು. ಪಂಡಿತನನ್ನು ಪಲ್ಲಕ್ಕಿಯಲ್ಲಿ ಅವ್ವನ ಬಳಿಗೆ ಕಳಿಸಿದರು. ಈ ಬೇನೆ ವಯಸ್ಸು ಕೇಳಿ ಬರುವುದಿಲ್ಲ, ಪೂರಾ ಹೋಗದಿದ್ದರೂ ಹತೋಟಿಯಲ್ಲಿಡಬಹುದು ಅಂತ ಪಂಡಿತ ಅವ್ವನಿಗೂ ಸೊಸೆಯಾಗಲಿರುವ ನೀಲಾಂಬೆಗೂ ಮದ್ದು ಕೊಟ್ಟ.

ಮದುವೆಯ ದಿನ ವರ ವಧುವಿನ ಪಾದ ಹಿಡಿದು ಕಾಲುಂಗುರ ತೊಡಿಸಬೇಕಲ್ಲ. ಮುಹೂರ್ತ ಮೀರುತ್ತೆ, ಒತ್ತಿ ಹಾಕಪ್ಪಾ ಅಂತ ಪುರೋಹಿತರ ಅವಸರ. ಮಾಳಿಂಗ ಬಾಗಿ ಮೆಲ್ಲಗೆ ಬೆರಳು ಮುಟ್ಟಿ ನೋಡಿದ. ಅಂದು ಊತವಿತ್ತು. ಉಂಗುರಗಳನ್ನು ಅವಳ ಅಂಗೈಯಲ್ಲಿಟ್ಟ.

"ಊತ ಇಳಿದ ದಿನ ನೀವೇ ಹಾಕ್ಕೊಳ್ಳಿ," ಅಂದ.

ಪುರೋಹಿತರು ಗೊಣಗಿದರು. ನೀಲಾಂಬೆ ನಕ್ಕಳು. ಅವರ ಕಾಲು ತಣ್ಣಗಿರಲಿ, ಕತೆ ಕೇಳಿದ ನಿಮ್ಮ ಕಾಲೂ ತಣ್ಣಗಿರಲಿ.