ಕೋಳಿ ಕಟ್ಟಿದ ಚಪ್ಪರ

ಎರಡು ಮರಿಗಳನ್ನು ಹದ್ದಿಗೆ ಕಳೆದುಕೊಂಡ ಕೋಳಿಯೊಂದು, ಉಳಿದ ಮರಿಗಳಿಗಾಗಿ ಹಿತ್ತಲಲ್ಲಿ ತಾನೇ ಚಪ್ಪರ ಕಟ್ಟಲು ನಿರ್ಧರಿಸಿತು. ಬಿಸಿಲು ಸರಿಯುವ ದಿಕ್ಕನ್ನು ನೋಡಿ ಜಾಗ ಗುರುತಿಸಿತು. ನುಗ್ಗೆಯ ಕೊಂಬೆಗಳನ್ನು ಎಳೆದು ತಂದು ಕಂಬ ನೆಟ್ಟಿತು. ಸಂಜೆಯ ಗಾಳಿಗೆ ಎಲ್ಲವೂ ಉರುಳಿಬಿದ್ದವು.

ತೆಂಗಿನ ಮರದ ಮೇಲಿದ್ದ ಹದ್ದು ಹೇಳಿತು: “ಕೆದಕುವುದು ನಿನ್ನ ಕಸುಬು. ಕಟ್ಟುವ ಕೆಲಸ ನಿನಗೇಕೆ?”

“ಕೆದಕಬಲ್ಲೆ. ಅದಕ್ಕೇ ಈ ಸಲ ಗುಂಡಿ ಆಳವಾಗಿರುತ್ತದೆ,” ಎಂದಿತು ಕೋಳಿ.

ಅದು ಕಾಲುಗುರು ಸವೆಯುವವರೆಗೆ ತೋಡಿತು. ಕಂಬಗಳು ಗಟ್ಟಿಯಾಗಿ ನಿಂತವು. ಮೇಲೆ ಅಡ್ಡಕಡ್ಡಿ ಹಾಸಿ ಅವರೆ ಬಳ್ಳಿ ಹಬ್ಬಿಸಿತು.

ಬಳ್ಳಿ ದಟ್ಟವಾದಾಗ ಹದ್ದು ಕೆರಳಿತು: “ಆಕಾಶ ನನ್ನದು. ಅದನ್ನು ಮುಚ್ಚಲು ಯಾರ ಅಪ್ಪಣೆ ಪಡೆದೆ?”

“ನನ್ನ ಮರಿಗಳನ್ನು ಒಯ್ಯುವಾಗ ನೀನು ಯಾರನ್ನು ಕೇಳಿದೆ?” ಎಂದಿತು ಕೋಳಿ.

ಹದ್ದು ಎರಗಿತು. ಅದರ ಉಗುರು ಬಳ್ಳಿಗೆ ಸಿಕ್ಕಿಕೊಂಡಿತು. ರೆಕ್ಕೆ ಬಡಿದು ಬಡಿದು, ಕೊನೆಗೆ ಒಂದಷ್ಟು ಗರಿ ಕಳೆದುಕೊಂಡು ಪಾರಾಯಿತು.

ನೆರೆಯ ಬಾತುಕೋಳಿ ಬೇಡಿಕೊಂಡಿತು: “ಅಕ್ಕಾ, ಅದನ್ನು ಇನ್ನೂ ಕೆಣಕಬೇಡ. ಇಷ್ಟಕ್ಕೇ ನಿಲ್ಲಿಸು.”

“ಮರಿಗಳು ನೀರು ಕುಡಿಯಲು ಬಾವಿಯ ತೊಟ್ಟಿಯವರೆಗೂ ಹೋಗಬೇಕಲ್ಲ,” ಎಂದ ಕೋಳಿ, ಹದ್ದು ನೋಡುತ್ತಿದ್ದಂತೆಯೇ ಇನ್ನೊಂದು ಕಂಬವನ್ನು ಎಳೆದುಕೊಂಡು ಬಾವಿಯ ಕಡೆಗೆ ಹೊರಟಿತು.