ನಿಂಗಜ್ಜಿಗೂ ಒಂದು ಎಲೆ

ಸಾಸಿವೆಕೋಟೆ ಅಂತ ಒಂದು ರಾಜ್ಯ ಇತ್ತು. ರಾಜ್ಯ ಅಂದರೆ ಭಾರೀ ದೊಡ್ಡದೇನಲ್ಲ. ರಾಜ ಅರಮನೆಯಲ್ಲಿ ಸೀನಿದರೆ ಗಡಿಯಲ್ಲಿ ನಿಂತ ಕಾವಲುಗಾರ "ನೂರು ವರ್ಷ" ಅನ್ನುತ್ತಿದ್ದ. ಅಷ್ಟೇ ಅದರ ಉದ್ದಗಲ. ಅಲ್ಲಿಗೊಬ್ಬ ರಾಜ, ಬೊಪ್ಪರಾಜ. ಕಿರೀಟ ಸಣ್ಣದು, ಹೊಟ್ಟೆ ದೊಡ್ಡದು. ಅವನಿಗೆ ಒಬ್ಬಳೇ ಮಗಳು, ಮುದ್ದಾಜಿ. ಊರಿಗೆಲ್ಲ ಒಂದೇ ಕೆರೆ.

ಮುದ್ದಾಜಿಗೆ ಮದುವೆ ಗೊತ್ತಾಯಿತು. ಹುಡುಗ ಪಕ್ಕದ ಸೀಮೆಯವನು, ತುಂಬ ಒಳ್ಳೆಯವನು. ಆದರೆ ಹುಡುಗನಿಗೆ ಅಪ್ಪ ಇರಲಿಲ್ಲ. ಆ ಕಡೆಗೆಲ್ಲ ಅವನ ಸೋದರಮಾವ ಚೌಡನಾಯಕನೇ ಹಿರಿಯ. ಹುಡುಗ ಎಷ್ಟು ಒಳ್ಳೆಯವನೋ, ಮಾವ ಅಷ್ಟು ಕಿತಾಪತಿ.

ಆ ಸೀಮೆಯಲ್ಲಿ ಊಟದ ಪಂಕ್ತಿಗೆ ಒಂದು ಕಟ್ಟುಪಾಡು ಇತ್ತು. ಬೀಗರ ಕಡೆಯ ಹಿರಿಯ ಎಲೆಗೆ ಕೈ ಹಾಕಿದ ಮೇಲೇ ಉಳಿದವರು ತುತ್ತು ಎತ್ತಬೇಕು. ಅವನು ಕೈ ಹಾಕದೆ ಎದ್ದುಹೋದರೆ ಊಟ ಹಾಕಿದವನ ಮಾನ ಹೋಯಿತು, ಮದುವೆಯೂ ಮುರಿದುಬಿತ್ತು. ಕೈ ಹಾಕಿದ ಮೇಲೆ ಮಾತು ಬೇರೆ. ಪಂಕ್ತಿಯಲ್ಲಿ ಕಟ್ಟಕಡೆಯವರ ಊಟ ಮುಗಿಯುವ ತನಕ ಯಾರೂ ಏಳುವ ಹಾಗಿಲ್ಲ. ನಡುವೆ ಎದ್ದರೆ ಎದ್ದವನ ಮಾನ ಹೋಯಿತು. ಅವನೇ ಸೊಂಟ ಬಗ್ಗಿಸಿ ಎಲ್ಲರ ಎಂಜಲೆಲೆ ಎತ್ತಬೇಕು. ಈ ಕಟ್ಟುಪಾಡಿನ ಮೊದಲ ಅರ್ಧ ಚೌಡನಾಯಕನಿಗೆ ಬಾಯಿಪಾಠ. ಎರಡನೇ ಅರ್ಧದ ಬಗ್ಗೆ ಅವನು ಯಾವತ್ತೂ ತಲೆ ಕೆಡಿಸಿಕೊಂಡವನಲ್ಲ.

ಮದುವೆ ಮೂರು ದಿನ. ಮೂರು ದೊಡ್ಡ ಊಟ. ಚಪ್ಪರದಲ್ಲಿ ಎಷ್ಟು ಎಲೆ ಹಿಡಿಸುತ್ತದೆ ನೋಡೋಣ ಅಂತ ಬೊಪ್ಪರಾಜ ಅರಮನೆಯ ಕರಣಿಕರನ್ನೆಲ್ಲ ಸಾಲಾಗಿ ಕೂರಿಸಿ ಗೆರೆ ಎಳೆಸಿದ. ಕರಣಿಕರೋ, ಗಾಳಿ ಬೀಸಿದರೆ ಕಂಬ ಹಿಡಿದುಕೊಳ್ಳುವ ಜನ. ಬೀಗರೋ, ಕೂತರೆ ಮಣೆ ಕಾಣಿಸದ ಜನ. ಇದು ರಾಜನ ತಲೆಗೆ ಹೊಳೆಯಲೇ ಇಲ್ಲ. ಸಾಲದ್ದಕ್ಕೆ, ಜಾಗ ಉಳಿಸೋಣ ಅಂತ ಒಂದು ಎಲೆ ತೆಗೆಸಿದ. ಯಾರ ಎಲೆ ಗೊತ್ತಾ? ನಿಂಗಜ್ಜಿಯ ಎಲೆ.

ನಿಂಗಜ್ಜಿ ಅಂದರೆ ರಾಜನನ್ನು ಸಾಕಿದ ಮುದುಕಿ. ತಾಯಿ ಇಲ್ಲದ ಕೂಸಿಗೆ ತುತ್ತು ಮಾಡಿ ತಿನ್ನಿಸಿ ದೊಡ್ಡವನನ್ನಾಗಿ ಮಾಡಿದವಳು. ಈಗ ಅವಳ ಬಾಯಲ್ಲಿ ಒಂದೂ ಹಲ್ಲಿಲ್ಲ.

"ಅಜ್ಜೀ, ನೀನು ಪಂಕ್ತೀಲಿ ಕೂತ್ರೆ ನಿನ್ನ ಊಟ ಮುಗಿಯೋದ್ರೊಳಗೆ ಹೊತ್ತು ಮುಳುಗುತ್ತೆ. ಎಲ್ರೂ ಕಾಯ್ಬೇಕಾಗುತ್ತೆ. ಅಡಿಗೆಮನೇಲೇ ಉಂಡ್ಬಿಡು," ಅಂದ ರಾಜ.

"ಆಗ್ಲಪ್ಪ," ಅಂದಳು ಅಜ್ಜಿ. ಹೋಗಿ ಸೌದೆ ರಾಶಿಯ ಪಕ್ಕ ತಟ್ಟೆ ಹಿಡಿದು ಕೂತಳು. ನನಗಂತೂ ಆ ರಾಜನ ಕಿವಿ ಹಿಂಡಬೇಕು ಅನ್ನಿಸುತ್ತದೆ. ನಿಮಗೆ?

ಮೊದಲನೇ ದಿನ. ಎಲೆ ತುದಿಗೆ ಉಪ್ಪು ಬಿತ್ತು. ಕೋಸಂಬರಿ ಬಿತ್ತು. ಪಲ್ಯ ಬಿತ್ತು. ಬಿಸಿ ಅನ್ನದ ಮೇಲೆ ತೊವ್ವೆ, ತೊವ್ವೆಯ ಮೇಲೆ ತುಪ್ಪ. ಎಲ್ಲರ ಕಣ್ಣೂ ಚೌಡನಾಯಕನ ಕೈ ಮೇಲೆ. ಚೌಡನಾಯಕ ಕೈ ಕಟ್ಟಿ ಕೂತ.

"ಇದೇನ್ ಪಂಕ್ತಿಯೋ, ಕುರಿ ದೊಡ್ಡಿಯೋ? ನನ್ನ ಮಂಡಿ ಪಕ್ಕದೋನ ಪಲ್ಯದಲ್ಲಿದೆ. ನಾನು ಏಳ್ತೀನಿ!"

"ಬ್ಯಾಡಿ ಬೀಗರೇ! ಏನ್ ಬೇಕು ಹೇಳಿ!"

"ನಿಮ್ಮ ಬಿಳಿ ಕುದುರೆ."

ತುಪ್ಪ ಗಟ್ಟಿಯಾಯಿತು. ಮಕ್ಕಳು ಹಸಿದು ಅತ್ತವು. ರಾಜ ಕುದುರೆ ಕೊಟ್ಟ. ಚೌಡನಾಯಕ ಎಲೆಗೆ ಕೈ ಹಾಕಿದ.

ಎರಡನೇ ದಿನ ರಾಜ ಚಪ್ಪರ ಅಗಲ ಮಾಡಿಸಿದ. ಯಾರನ್ನು ಎಲ್ಲಿ ಕೂರಿಸುವುದು ಅಂತ ಜೋಯಿಸರನ್ನು ಕೇಳಿದ. ಜೋಯಿಸರು ಬೆರಳು ಮಡಚಿ, ಬೆರಳು ಬಿಚ್ಚಿ, ಹಿರಿಯರು ಪೂರ್ವಕ್ಕೇ ಮುಖ ಮಾಡಬೇಕು ಅಂದರು. ಮಾಡಿಸಿದ. ಆದರೆ ಪೂರ್ವಕ್ಕೆ ಏನಿದೆ ಅಂತ ಜೋಯಿಸರೂ ನೋಡಲಿಲ್ಲ, ರಾಜನೂ ನೋಡಲಿಲ್ಲ. ಪೂರ್ವಕ್ಕೆ ಎಂಜಲೆಲೆಯ ತಿಪ್ಪೆ ಇತ್ತು. ಅದರ ಮೇಲೊಂದು ಬಡಕಲು ನಾಯಿ ಕೂತು, ಚೌಡನಾಯಕನನ್ನೇ ನೋಡುತ್ತಾ ಬಾಲ ಆಡಿಸುತ್ತಿತ್ತು.

"ನಾನು ಬೀಗನೋ, ಆ ನಾಯಿಗೆ ನೆಂಟನೋ? ನಾನು ಏಳ್ತೀನಿ!"

"ಬ್ಯಾಡಿ ಬೀಗರೇ! ಏನ್ ಬೇಕು ಹೇಳಿ!"

"ನಿಮ್ಮ ಪಟ್ಟದ ಆನೆ."

ತುಪ್ಪ ಮತ್ತೆ ಗಟ್ಟಿಯಾಯಿತು. ಮಕ್ಕಳು ಮತ್ತೆ ಅತ್ತವು. ಆನೆಯೂ ಹೋಯಿತು.

ಅವತ್ತು ಸಂಜೆ ಚೌಡನಾಯಕ ಜಗಲಿಯ ಮೇಲೆ ಕೂತು, ಮೀಸೆ ತೀಡುತ್ತಾ, ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಜಾಗದಲ್ಲಿ ಕುದುರೆ ಸಿಕ್ತು. ಮಣೇಲಿ ಆನೆ ಸಿಕ್ತು. ನಾಳೆ ಅಡಿಗೇಲಿ ತಪ್ಪು ಹಿಡಿದ್ರೆ ಇವರ ಕೆರೇನೇ ಸಿಗುತ್ತೆ. ನೀರೆಲ್ಲ ನನ್ನ ಗದ್ದೆಗೆ ತಿರುಗಿಸ್ಕೋತೀನಿ."

ಮಾತು ಬೊಪ್ಪರಾಜನ ಕಿವಿಗೂ ಬಿತ್ತು. ಕೆರೆ ಕೊಟ್ಟರೆ ಊರಿಗೆ ಕುಡಿಯಲು ನೀರಿಲ್ಲ. ಕೊಡದಿದ್ದರೆ ಮಗಳ ಮದುವೆ ಇಲ್ಲ. ಕಿರೀಟ ತೆಗೆದು ತೊಡೆ ಮೇಲಿಟ್ಟುಕೊಂಡು ಗೊಳೋ ಅಂತ ಅತ್ತ.

"ಅಪ್ಪಾಜಿ, ನಾಳೆ ಊಟ ನನಗೆ ಬಿಡಿ," ಅಂದಳು ಮುದ್ದಾಜಿ. "ಜಾಗ ನಾನು ಅಳೆಸ್ತೀನಿ. ಎಲೆ ನಾನು ಹಾಕಿಸ್ತೀನಿ. ಅಡಿಗೆ ನಾನು ಹೇಳ್ತೀನಿ."

ಅವಳು ಕರಣಿಕರನ್ನು ಕರೆಯಲಿಲ್ಲ. ಸೇನಾಪತಿಯನ್ನು ಕರೆದು ಕೂರಿಸಿದಳು. ಅವನು ಕುದುರೆ ಹತ್ತಿದರೆ ಕುದುರೆ ಕೂತುಬಿಡುತ್ತಿತ್ತು, ಅಂಥ ಆಳು. ಅವನ ಅಳತೆಗೆ ಒಂದೊಂದು ಎಲೆ. ಸಾಲಿನ ನಡುವೆ ಬಡಿಸುವವರು ಸೌಟು ಹಿಡಿದು ಓಡಾಡುವಷ್ಟು ದಾರಿ. ಹೊಂಗೆ ಮರದ ನೆರಳಲ್ಲಿ ಚೌಡನಾಯಕನ ಮಣೆ. ಅದರ ಪಕ್ಕದಲ್ಲೇ ಇನ್ನೊಂದು ಮಣೆ.

"ಇದು ಯಾರಿಗೆ?" ಅಂದ ರಾಜ.

"ನಿಂಗಜ್ಜಿಗೆ."

"ಅಯ್ಯೋ, ಅಜ್ಜಿ ಕೂತ್ರೆ ಹೊತ್ತು ಮುಳುಗುತ್ತಲ್ಲೇ!"

"ಮುಳುಗ್ಲಿ ಬಿಡಿ. ನಿಮಗೆ ತುತ್ತು ತಿನ್ನಿಸಿದ ಕೈಗೆ ಈ ಮನೇಲಿ ಒಂದು ಎಲೆ ಇಲ್ವಾ ಅಪ್ಪಾಜಿ?"

ರಾಜ ತಲೆ ತಗ್ಗಿಸಿದ. ತಗ್ಗಿಸಲೇಬೇಕಾಗಿತ್ತು.

ಮೂರನೇ ದಿನ. ಚೌಡನಾಯಕ ಬಂದು ಆ ಕಡೆ ನೋಡಿದ, ಈ ಕಡೆ ನೋಡಿದ. ಜಾಗದಲ್ಲಿ ತಪ್ಪಿಲ್ಲ. ಮಣೆಯಲ್ಲಿ ತಪ್ಪಿಲ್ಲ. ಪಕ್ಕದಲ್ಲಿ ಒಬ್ಬಳು ಮುದುಕಿ, ಹೊಸ ಸೀರೆ ಉಟ್ಟು ಮದುವಣಗಿತ್ತಿಗಿಂತ ಹೆಚ್ಚು ನಾಚಿಕೊಂಡು ಕೂತಿದ್ದಾಳೆ. ಇವಳಿಂದ ಏನು ತೊಂದರೆ ಅಂತ ಸುಮ್ಮನಾದ. ಬಡಿಸಿದ್ದಾಯಿತು. ಕೈ ಕಟ್ಟಿದ.

"ಈ ಅಡಿಗೆ ಬಾಯಿಗಿಡೋ ಹಾಗಿಲ್ಲ. ನಾನು ಏಳ್ತೀನಿ!"

ಮುದ್ದಾಜಿ ತುಪ್ಪದ ಗಿಂಡಿ ಹಿಡಿದು ಎದುರಿಗೆ ಬಂದಳು. "ಬಾಯಿಗಿಡದೆ ಹೇಗೆ ಗೊತ್ತಾಯ್ತು ಮಾವಯ್ಯ? ಮೊನ್ನೆ ಕೂತು ನೋಡಿ ಜಾಗ ಸರಿಯಿಲ್ಲ ಅಂದ್ರಿ. ನಿನ್ನೆ ಕೂತು ನೋಡಿ ಮಣೆ ಸರಿಯಿಲ್ಲ ಅಂದ್ರಿ. ಇವತ್ತು ತಿಂದು ನೋಡಿ ಅಡಿಗೆ ಸರಿಯಿಲ್ಲ ಅನ್ನಿ."

"ಹೌದು, ತಿಂದು ನೋಡಿ ಹೇಳ್ಲಿ!" ಅಂದರು ಪಂಕ್ತಿಯವರು. ಹಾಗೆ ಅಂದವರಲ್ಲಿ ಅವನ ಕಡೆಯವರೇ ಜಾಸ್ತಿ. ಎರಡು ದಿನದಿಂದ ಆರಿದ ಅನ್ನ ತಿಂದು ಅವರಿಗೂ ಸಾಕಾಗಿತ್ತು. ಜೊತೆಗೆ ಬಿಸಿ ಹೋಳಿಗೆಯ ಮೇಲೆ ತುಪ್ಪ ಬಿದ್ದ ಘಮ ಬೇರೆ. ಚೌಡನಾಯಕ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ.

ಅಷ್ಟೇ! ಹಿರಿಯ ಎಲೆಗೆ ಕೈ ಹಾಕಿದ. ಇಡೀ ಪಂಕ್ತಿ ಅನ್ನಕ್ಕೆ ಮುಗಿಬಿತ್ತು. "ಉಪ್ಪು ಜಾಸ್ತಿ!" ಅಂತ ಅವನು ಕೂಗಿದ. ಸಾರು ಸುರಿಯುವ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಕೇಳಿಸಿದವರು "ಎಲ್ಲಿ ಜಾಸ್ತಿ, ಸರಿಯಾಗೇ ಇದೆ," ಅಂತ ಇನ್ನೊಂದು ಸೌಟು ಹಾಕಿಸಿಕೊಂಡರು. ಈಗ ಎದ್ದರೆ ಮಾನ ಹೋಗುವುದು ತನ್ನದೇ. ಹಾಳಾಗಲಿ, ಹೊಟ್ಟೆಯಾದರೂ ತುಂಬಲಿ ಅಂತ ಅವನೂ ಉಂಡ. ಹೋಳಿಗೆ ಉಂಡ. ಪಾಯಸ ಕುಡಿದ. ಬೆಲ್ಲದ ಪಾನಕ ಕುಡಿದ. "ಇನ್ನೊಂದು ಲೋಟ, ಮಾವಯ್ಯ," ಅಂದಳು ಮುದ್ದಾಜಿ. ಕುಡಿದ. "ಇನ್ನೊಂದೇ ಒಂದು." ಅದನ್ನೂ ಕುಡಿದ.

ಎಲ್ಲರ ಊಟ ಮುಗಿಯಿತು, ನಿಂಗಜ್ಜಿಯದೊಂದು ಬಿಟ್ಟು. ಆಗ ಚೌಡನಾಯಕನಿಗೆ ಹೊಟ್ಟೆಯಲ್ಲಿದ್ದ ಪಾನಕ ಮಾತಾಡಲು ಶುರುಮಾಡಿತು.

"ಅಜ್ಜೀ, ಆಯ್ತಾ?"

"ಎಲ್ಲಪ್ಪ! ಈಗ ಕೋಸಂಬರಿ. ಬೇಳೆ ಒಂದೊಂದೇ ಬಾಯಲ್ಲಿ ನೆನೀಬೇಕು."

ಚೌಡನಾಯಕ ಕಾಲು ಒತ್ತಿ ಕೂತ. ಬೆವರು ಇಳಿಯಿತು.

"ಅಜ್ಜೀ, ಆಯ್ತಾ?"

"ಈಗ ಹಪ್ಪಳ ಕಣಪ್ಪ. ಹಲ್ಲಿಲ್ವಲ್ಲ, ಚೀಪಿ ಚೀಪಿ ಮೆತ್ತಗೆ ಮಾಡ್ಕೋಬೇಕು."

ಮೀಸೆ ಜೋತುಬಿತ್ತು. ಅದೇ ಹೊತ್ತಿಗೆ ಅಡಿಗೆಯವನು ಕೊಡದಿಂದ ಕೊಡಕ್ಕೆ ನೀರು ಸುರಿದ. ಆ ಸದ್ದು ಕೇಳಿ ಚೌಡನಾಯಕ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ.

"ಅಜ್ಜೀ... ಆಯ್ತಾ?"

ಅಜ್ಜಿ ಮಜ್ಜಿಗೆ ಅನ್ನ ಮುಗಿಸಿದಳು. ಬೆರಳು ನೆಕ್ಕಿದಳು. ಚೌಡನಾಯಕ ನೆಲಕ್ಕೆ ಕೈಯೂರಿ ಏಳಲು ಸಜ್ಜಾದ. ಆಗ ಅಜ್ಜಿ ಅಂದಳು, "ಮುದ್ದೂ, ಪಾಯಸ ಇನ್ನೊಂದ್ ಸೌಟು ಇದ್ರೆ ಹಾಕವ್ವ."

"ಅಜ್ಜೀ! ನಿನ್ನ ಕಾಲಿಗೆ ಬೀಳ್ತೀನಿ!"

"ಹೆಂಗ್ ಬೀಳ್ತೀಯಪ್ಪ, ಏಳೋ ಹಂಗಿಲ್ವಲ್ಲ."

"ಕುದುರೆ ವಾಪಸ್ ಕೊಡ್ತೀನಿ!"

ಅಜ್ಜಿ ಪಾಯಸದ ದೊನ್ನೆಯಿಂದ ಒಂದು ದ್ರಾಕ್ಷಿ ಆರಿಸಿ ಬಾಯಿಗೆ ಹಾಕಿಕೊಂಡಳು.

"ಆನೇನೂ ಕೊಡ್ತೀನಿ!"

ಇನ್ನೊಂದು ದ್ರಾಕ್ಷಿ.

"ಕೆರೆ ಹೆಸರು ಎತ್ತಲ್ಲ! ಇನ್ನು ಯಾರ ಊಟಾನೂ ನಿಲ್ಲಿಸಲ್ಲ!"

"ನನಗೆ ಕಿವಿ ಮಂದ. ಎಲ್ರಿಗೂ ಕೇಳೋ ಹಂಗೆ ಹೇಳಪ್ಪ."

ಚೌಡನಾಯಕ ಕಿರುಚಿದ. ಚಪ್ಪರಕ್ಕೆ ಕೇಳಿತು, ಗಡಿಗೆ ಕೇಳಿತು, ಕೆರೆಯ ಕಪ್ಪೆಗಳಿಗೂ ಕೇಳಿತು. ಅಜ್ಜಿ ದೊನ್ನೆ ಎತ್ತಿ ಒಂದೇ ಗುಟುಕಿಗೆ ಪಾಯಸ ಕುಡಿದು, ಎಲೆ ಮಡಚಿ, "ಅನ್ನದಾತೋ ಸುಖೀಭವ," ಅಂದಳು. ಅವತ್ತು ಚೌಡನಾಯಕ ಓಡಿದ ಓಟಕ್ಕೆ ಬಿಳಿ ಕುದುರೆಯೂ ಸಾಟಿಯಲ್ಲ. ಬೇಲಿ ಮರೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿದನೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡಿದ್ದು ಆನೆ ಒಂದೇ. ಅದು ಯಾರಿಗೂ ಹೇಳಲಿಲ್ಲ.

ಬೊಪ್ಪರಾಜ ಬಂದು ನಿಂಗಜ್ಜಿಯ ಕೈ ಹಿಡಿದುಕೊಂಡ. "ಅಜ್ಜೀ, ನನ್ನಿಂದ ತಪ್ಪಾಯ್ತು."

"ತಪ್ಪು ಹಂಗಿರ್ಲಿ ಮಗಾ," ಅಂದಳು ಅಜ್ಜಿ. "ರಾತ್ರಿ ಊಟಕ್ಕೆ ನನ್ನ ಎಲೆ ಎಲ್ಲಿ ಹಾಕ್ತೀಯ?"

ಅವತ್ತಿನಿಂದ ಸಾಸಿವೆಕೋಟೆಯಲ್ಲಿ ಯಾವ ಊಟವಾದರೂ ಮೊದಲ ಎಲೆ ಹಾಕುವುದು ಎಲ್ಲರಿಗಿಂತ ನಿಧಾನವಾಗಿ ಉಣ್ಣುವವರಿಗೆ.

ನೀತಿ ಏನು ಅಂತ ಕೇಳಿ. ಹಸಿದವರನ್ನು ಎಲೆ ಮುಂದೆ ಕಾಯಿಸಿ ತನ್ನ ಲಾಭ ನೋಡುವವನು ಒಂದು ದಿನ ತಾನೂ ಎಲೆ ಮುಂದೆ ಕಾಯಬೇಕಾಗುತ್ತದೆ. ಇನ್ನು ಊಟಕ್ಕೆ ಕರೆಯುವವರು ಜಾಗ ಸಾಲದು ಅಂತ ಮನೆಯ ಮುದುಕರ ಎಲೆ ತೆಗೆಯಬಾರದು.

ಕಥೆ ಮುಗಿಯಿತು, ಈಗ ಏಳಬಹುದು. ಯಾರಿಗಾದರೂ ಅವಸರ ಇದ್ದರೆ ಅವರು ಮೊದಲು ಹೋಗಿ ಬನ್ನಿ.